ತಗಡಿನ ಶಟಲ್ ಕೋರ್ಟಿಗೆ ತಂತಿ ಫೋನು: ಹತ್ತೂಮುಕ್ಕಾಲು ಸಾವಿರದ ಇಂಟರ್‌ಕಾಮ್ ಹೇಗಿದೆ?

ಶಟಲ್ ಕಾಕಿನ ತೂಕ 4.74ರಿಂದ 5.50 ಗ್ರಾಂ ಇರಬೇಕು ಅಂತ ನಿಯಮ. ಅಷ್ಟು ಹಗುರದ್ದನ್ನ ಬಳ್ಳಾರಿ ಗಾಳಿಗೆ ಬಿಟ್ಟರೆ ಅದು ಆಡುವವರ ಮಾತು ಕೇಳಲ್ಲ. ಹಾಗಾಗಿ ನಮ್ಮ ಕೋರ್ಟಿನಲ್ಲಿ ಆಟ ಶುರುವಾದರೆ ಬಾಗಿಲು ಬಂದ್. ಮೇಲಿನ ಫ್ಯಾನೂ ಬಂದ್. ಒಳಗೆ ಬೆವರು ಸುರಿಸುತ್ತಾರೆ, ಆದರೂ ಬಾಗಿಲು ತೆಗೀರಿ ಅಂತ ಯಾರೂ ಕೇಳಲ್ಲ.

ಸಂಗನಕಲ್ಲು ರಸ್ತೆ ಕಡೆ ನಮ್ಮದು ಹಳೇ ಜೀನ್ಸ್ ಹೊಲಿಗೆ ಶೆಡ್ಡು. ಯಜಮಾನರು ಹೊಲಿಗೆ ಕೆಲಸ ಹೊರಗೆ ಕೊಡೋಕೆ ಶುರು ಮಾಡಿದ ಮೇಲೆ ಮಿಷನ್‌ಗಳೆಲ್ಲ ಖಾಲಿಯಾಗಿ, ಅದೇ ಜಾಗದಲ್ಲಿ ಸಿಂಥೆಟಿಕ್ ಮ್ಯಾಟ್ ಹಾಸಿ ಶಟಲ್ ಕೋರ್ಟ್ ಮಾಡಿದ್ವಿ. ಮುಂದೆ ಮನೆ, ನಡುವೆ ಬೇವಿನ ಮರದ ಅಂಗಳ, ಹಿಂದೆ ಶೆಡ್ಡು. ಬುಕಿಂಗ್, ಫೀಸು, ಸಮ್ಮರ್ ಕ್ಯಾಂಪಿನ ಹುಡುಗರ ಅಪ್ಪ ಅಮ್ಮಂದಿರ ವಿಚಾರಣೆ ಎಲ್ಲ ನನ್ನದೇ. ಪಡಸಾಲೆಯಲ್ಲಿ ಒಂದು ಟೇಬಲ್ ಹಾಕ್ಕೊಂಡು ಕೂತಿರ್ತೀನಿ.

ತೊಂದರೆ ಏನಂದ್ರೆ, ಒಳಗಿನವರಿಗೂ ಹೊರಗಿನವರಿಗೂ ಸಂಬಂಧವೇ ಇರಲಿಲ್ಲ. ಸುತ್ತ ಮೇಲೆ ಎಲ್ಲಾ ತಗಡು. ಮೊಬೈಲ್ ಸಿಗ್ನಲ್ ಒಳಗೆ ಹೋದ ಕೂಡಲೇ ಒಂದು ಕಡ್ಡಿಗೆ ಇಳಿಯುತ್ತೆ. ಸಿಗ್ನಲ್ ಇದ್ದರೂ ಫೋನು ಬ್ಯಾಗಿನೊಳಗೆ ಸೈಲೆಂಟಿನಲ್ಲಿ. ಟೈಮ್ ಆಯ್ತು ಅಂತ ಹೇಳೋಕೆ ನಾನು ಅಂಗಳ ದಾಟಿ ಹೋಗಿ ತಗಡು ಬಡೀಬೇಕು. ಗೇಟಿನ ಹತ್ರ ಯಾರೋ ಅಮ್ಮ ಬಿಸಿಲಲ್ಲಿ ನಿಂತು "ನಮ್ಮ ಹುಡುಗನ್ನ ಕರೀರಿ" ಅಂತಿದ್ದರೆ ಮತ್ತೆ ಓಡಬೇಕು. ಹೋದ ಮೇ ತಿಂಗಳಲ್ಲಿ ಮಧ್ಯಾಹ್ನದ ಬ್ಯಾಚಿನ ಒಬ್ಬ ಹುಡುಗನ ಕಾಲು ಉಳುಕಿತು. ಕೋಚ್ ಅವನನ್ನ ಬಿಟ್ಟು ಬರೋ ಹಾಗಿಲ್ಲ, ಇನ್ನೊಬ್ಬ ಚಿಕ್ಕವನು ಬರಿಗಾಲಲ್ಲಿ ಕಾದ ಕಡಪಾ ಕಲ್ಲಿನ ಮೇಲೆ ಕುಣಿಯುತ್ತಾ ಬಂದು ನನಗೆ ಹೇಳಿದ. ಅವತ್ತೇ ನಿಶ್ಚಯ ಮಾಡಿದೆ, ಏನಾದ್ರೂ ಒಂದು ಹಾಕಿಸಲೇಬೇಕು ಅಂತ.

ನಮ್ಮ ಮೈದುನ ಆನ್‌ಲೈನ್ ಪ್ರವೀಣ. ಎರಡು ಬಿಳಿ ಡಬ್ಬಿಯ ವೈರ್‌ಲೆಸ್ ಇಂಟರ್‌ಕಾಮ್ ತರಿಸಿದ. ಬ್ರ್ಯಾಂಡ್ ಹೆಸರು ಬೇಡ. ಬಟನ್ ಒತ್ತಿ ಮಾತಾಡೋದು, ಡಬ್ಬಿಯ ಸ್ಪೀಕರಿನಲ್ಲೇ ಕೇಳೋದು. ಅಂಗಳದಲ್ಲಿ ಇಟ್ಟು ನೋಡಿದಾಗ ಚೆನ್ನಾಗಿತ್ತು. ಶೆಡ್ಡಿನ ಒಳಗಿಟ್ಟು ಬಾಗಿಲು ಹಾಕಿದ್ರೆ ಬರೀ ಕರಕರ. ರೇಡಿಯೋ ಅಲೆಗೆ ತಗಡು ಅಂದ್ರೆ ಗೋಡೆಗಿಂತ ದೊಡ್ಡ ಗೋಡೆ. ಸಂದಿಗೊಂದಿಯಲ್ಲಿ ನುಸುಳಿ ಬಂದಷ್ಟೇ ಬಂತು. ಅದಕ್ಕಿಂತ ದೊಡ್ಡ ತಕರಾರು ಸ್ಪೀಕರಿನದ್ದು. ಬರಿ ತಗಡಿನ ಶೆಡ್ಡಿನಲ್ಲಿ ಒಂದು ಸ್ಮ್ಯಾಷ್ ಹೊಡೆದರೆ ಆ ಸದ್ದು ಗೋಡೆಯಿಂದ ಗೋಡೆಗೆ ಅಲೆದಾಡಿ ಆಮೇಲೆ ಸಾಯುತ್ತೆ. ಕೋಚ್ ಡಬ್ಬಿಯಿಂದ ನಾಲ್ಕಡಿ ದೂರ ನಿಂತು ಮಾತಾಡಿದರೆ ಅವರ ಮಾತೂ ಆ ಗದ್ದಲದ ಜೊತೆ ಕಲಸಿಹೋಗಿ ನನಗೆ ಬಾವಿಯೊಳಗಿಂದ ಕೂಗಿದ ಹಾಗೆ ಕೇಳ್ತಿತ್ತು. ವಾಪಸ್ ಕಳಿಸಿದ್ವಿ. ದುಡ್ಡು ಬಂತು, ಅದಕ್ಕೆ ಬೇಜಾರಿಲ್ಲ.

ಆಮೇಲೆ ವಾಕಿಟಾಕಿ ಅಂದ. ಅವನ ಸ್ನೇಹಿತನ ಹತ್ರ ಒಂದು ಜೋಡಿ ಇತ್ತು, ತಂದು ಹಿಡಿದು ನೋಡಿದ್ವಿ. ಧ್ವನಿ ಪರವಾಗಿಲ್ಲ. ಬಾಯಿ ಹತ್ರ ಹಿಡಿದು ಮಾತಾಡೋದ್ರಿಂದ ಗದ್ದಲ ಅಷ್ಟು ನುಗ್ಗಲ್ಲ. ಆದರೆ ಇದರಲ್ಲಿ ಕಾನೂನಿನ ಒಂದು ಮಾತಿದೆ, ತಗೊಳ್ಳೋರು ತಿಳ್ಕೊಂಡಿರಬೇಕು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸೋ ಸಣ್ಣ ವಾಕಿಟಾಕಿಗೆ ಬಿಟ್ಟುಕೊಟ್ಟಿರೋದು 446.0ರಿಂದ 446.2 ಮೆಗಾಹರ್ಟ್ಸ್ ಮಾತ್ರ, 2018ರ ನಿಯಮದ ಪ್ರಕಾರ. ಅಗ್ಗದ ಸೆಟ್ಟುಗಳಲ್ಲಿ ಎಷ್ಟೋ ಇದರ ಹೊರಗೇ ಓಡುತ್ತವೆ. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ಆನ್‌ಲೈನ್ ಮಾರಾಟದವರಿಗೆ ನೋಟಿಸ್ ಕೊಟ್ಟಿತ್ತು. ಕಾನೂನು ಸರಿಯಿದ್ದರೂ ಅದಕ್ಕೆ ಚಾರ್ಜು ಹಾಕೋರು ಯಾರು? ಕೋರ್ಟಿನಲ್ಲಿ ಇಟ್ಟ ವಸ್ತುವಿಗೆ ದಿನಾ ಚಾರ್ಜ್ ಮಾಡೋ ಪುಣ್ಯಾತ್ಮ ಈ ಊರಲ್ಲಿ ಇನ್ನೂ ಹುಟ್ಟಿಲ್ಲ.

ದಾರಿ ತೋರಿಸಿದ್ದು ನಮ್ಮ ಸೋದರಮಾವ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವರು. ಇಷ್ಟೆಲ್ಲ ನೋಡಿ "ಎರಡು ತಂತಿ ಎಳದು ಎರಡು ಫೋನ್ ಇಡೋ ಕೆಲಸಕ್ಕ ಎಷ್ಟು ಬಡದಾಡ್ತೀರವ್ವ" ಅಂದರು.

ಅವರು ಹೇಳಿದ್ದು ಇಪಿಎಬಿಎಕ್ಸ್. ಹಿಂದೆ ಲಾಡ್ಜುಗಳಲ್ಲಿ, ಆಸ್ಪತ್ರೆಗಳಲ್ಲಿ ಇರ್ತಿತ್ತಲ್ಲ, ರೂಮಿನ ಫೋನೆತ್ತಿ ಎರಡಂಕಿ ಒತ್ತಿದ್ರೆ ರಿಸೆಪ್ಷನ್ನಿಗೆ ಹೋಗೋದು, ಅದೇ. ಈಗ ಟಿಫಿನ್ ಕ್ಯಾರಿಯರ್ ಗಾತ್ರದ ಡಬ್ಬಿ ಸಿಗುತ್ತೆ. ನಾವು ತಂದಿದ್ದು ಎರಡು ಹೊರಗಿನ ಲೈನ್, ಎಂಟು ಎಕ್ಸ್‌ಟೆನ್ಷನ್ ಅಂದ್ರೆ ಒಳಗಿನ ಫೋನಿನದು, 4,800 ರೂಪಾಯಿ, ಬೆಂಗಳೂರು ರೋಡಿನ ಒಂದು ಅಂಗಡಿಯಲ್ಲಿ ಹೇಳಿ ತರಿಸಿದ್ದು. ಹೊರಗಿನ ಲೈನು ನಮಗೆ ಬೇಕಿಲ್ಲ, ಆ ಎರಡು ಕಿಂಡಿ ಖಾಲಿ ಬಿಟ್ಟಿದೀವಿ. ಡಿಸ್ಪ್ಲೇ ಇಲ್ಲದ ಸಾದಾ ಪುಶ್‌ಬಟನ್ ಫೋನು ಮೂರು, ಒಂದಕ್ಕೆ 650. ಟೇಬಲ್ಲಿಗೆ 21, ಕೋರ್ಟಿಗೆ 22, ಗೇಟಿಗೆ 23.

ಈ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಕರೆಂಟಿನ ವಿಷಯ. ಕೋರ್ಟಿನೊಳಗಿನ ಫೋನಿಗೆ ಪ್ಲಗ್ಗಿಲ್ಲ, ಸೆಲ್ಲಿಲ್ಲ, ಅಡಾಪ್ಟರ್ ಇಲ್ಲ. ಅದಕ್ಕೆ ಬೇಕಾದ ಕರೆಂಟು ಅದೇ ಎರಡು ತಂತಿಯಲ್ಲಿ ಡಬ್ಬಿಯಿಂದಲೇ ಹೋಗುತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 48 ವೋಲ್ಟ್ ಡಿಸಿ ಇರುತ್ತೆ, ಇಂಥ ಸಣ್ಣ ಡಬ್ಬಿಗಳಲ್ಲಿ ಕೆಲವು ಅದಕ್ಕಿಂತ ಕಡಿಮೆ ಕೊಡುತ್ತವೆ. ಫೋನೆತ್ತಿದಾಗ ಹರಿಯೋದು ಇಪ್ಪತ್ತು ಮೂವತ್ತು ಮಿಲಿ ಆಂಪ್ಸ್ ಅಷ್ಟೇ. ಡಬ್ಬಿ ಇರೋದು ಮನೆ ಇನ್ವರ್ಟರ್ ಮೇಲೆ. ರಾತ್ರಿ ಆಟದ ನಡುವೆ ಕರೆಂಟ್ ಹೋದರೆ ಶೆಡ್ಡು ಗವಿ ಆಗುತ್ತೆ. ಜನರೇಟರ್ ಹಾಕೋವರೆಗೂ ಹುಡುಗರು ಕತ್ತಲಲ್ಲಿ ಅಲ್ಲಾಡದೆ ನಿಂತಿರಲಿ ಅಂತ ಹೇಳಬೇಕಾದ ಹೊತ್ತಿಗೇ ಫೋನು ಬೇಕು, ಆಗಲೂ ಅದು ನಡೆಯುತ್ತೆ. ವೈಫೈ ಮೇಲಿನ ಯಾವ ಸಾಮಾನೂ ಈ ಒಂದು ಮಾತಿಗೆ ನಿಲ್ಲಲಿಲ್ಲ.

ತಂತಿ ಎಳೆದದ್ದು ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಹುಡುಗ, ಮಾವ ಕುರ್ಚಿ ಹಾಕ್ಕೊಂಡು ಕೂತು ಹೇಳ್ತಾ ಹೋದರು. ಎರಡು ಜೋಡಿಯ ಟೆಲಿಫೋನ್ ಕೇಬಲ್, ಒಳಗಿನ ತಾಮ್ರ ಅರ್ಧ ಮಿಲಿಮೀಟರ್ ದಪ್ಪ. ಆ ದಪ್ಪದ ತಂತಿಗೆ ನೂರು ಮೀಟರಿಗೆ ಹೋಗಿ ಬರೋದು ಸೇರಿ ಹದಿನೆಂಟು ಓಮ್ ಆಸುಪಾಸು ತಡೆ, ಅಂದರೆ ನಮ್ಮಂಥ ಅಂಗಳಕ್ಕೆ ಲೆಕ್ಕಕ್ಕೇ ಇಲ್ಲ. ಹುಡುಗ ಉಳಿತಾಯ ಮಾಡೋಣ ಅಂತ ಕೋರ್ಟಿನ ಲೈಟಿನ ಪೈಪಿನಲ್ಲೇ ಇದನ್ನೂ ತುರುಕೋಕೆ ಹೋದ. ಮಾವ ಎದ್ದೇ ನಿಂತರು. "ಕರೆಂಟ್ ವೈರಿನ ಸಂಗಾಟ ಹಾಕಿದಿ ಅಂದ್ರ ದಿನಾ ಗುಂಯ್ ಅಂತೈತಿ. ಅದೂ ಬಿಡು, ಎಲ್ಲರ ಒಂದು ಕಡೆ ಉಜ್ಜಿ ಸೇರಿತು ಅಂದ್ರ ಫೋನ್ ಹಿಡದವ್ರ ಗತಿ ಏನು?" ಬೇರೆ ಪಿವಿಸಿ ಪೈಪೇ ಹಾಕಿಸಿದ್ರು. ಲೈಟಿನ ವೈರನ್ನ ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದ್ರು, ಪಕ್ಕಪಕ್ಕ ಓಡೋಕೆ ಬಿಡಲಿಲ್ಲ. ಈಗ ಫೋನೆತ್ತಿದರೆ ಡಯಲ್ ಟೋನ್ ಬಿಟ್ಟು ಒಂದು ಚೂರೂ ಸದ್ದಿಲ್ಲ.

"ಫೋನ್ ವೈರಲ್ವಾ, ಏನಾಗ್ತೈತಿ" ಅಂತ ಹುಡುಗ ಬರಿಗೈಯಲ್ಲಿ ತುದಿ ಹಿಡಿದಿದ್ದಾಗ ಮಾವ ಬೇಕಂತಲೇ 22 ಒತ್ತಿದರು. ಬೆಲ್ ಹೊಡೆಯುವಾಗ ಆ ತಂತಿಯಲ್ಲಿ ಎಪ್ಪತ್ತು ಎಂಬತ್ತು ವೋಲ್ಟ್ ಎಸಿ ಓಡುತ್ತೆ. ಹುಡುಗ ಏಣಿಯಿಂದ ಇಳಿದು ಬಂದು ಟೀ ಕುಡಿದ ಮೇಲೇ ಮತ್ತೆ ಹತ್ತಿದ್ದು. ಮಾವನ ತಮಾಷೆ ನನಗೆ ಹಿಡಿಸಲಿಲ್ಲ, ಏಣಿ ಮೇಲಿದ್ದವರ ಜೊತೆ ಹಾಗೆಲ್ಲ ಮಾಡಬಾರದು.

ಮಾತು ಸಲೀಸಾಯ್ತು. ಆದರೆ ಬೆಲ್ಲು? ಇಂಥ ಜಾಗಕ್ಕೆ ಇಂಟರ್‌ಕಾಮ್ ಹಾಕಿಸೋರು ಯಾರೇ ಆಗಲಿ ದುಡ್ಡು ಸುರಿಯಬೇಕಾದ್ದು ಮಾತಿಗಲ್ಲ, ಬೆಲ್ಲಿಗೆ. ಸಾದಾ ಫೋನಿನ ಕಿಣಿಕಿಣಿ ಶೆಡ್ಡಿನೊಳಗೆ ಯಾರಿಗೂ ಕೇಳಲ್ಲ. ಡಬಲ್ಸ್ ಆಡುವ ನಾಲ್ಕು ಜನ, ಹೊರಗೆ ಕೂತು ಚೀರುವ ಆರು ಜನ, ಶೂ ಮ್ಯಾಟಿಗೆ ಉಜ್ಜುವ ಕೀಚು ಸದ್ದು. ನಾನು ರಿಂಗ್ ಮಾಡ್ತಾ ಕೂತರೆ ಅಲ್ಲಿ ಕೇಳೋರಿಲ್ಲ.

ಇದಕ್ಕೆ ಉಪಾಯ ಮಾಡಿದ್ದು ಕೌಲ್‌ಬಜಾರಿನಲ್ಲಿ ರೇಡಿಯೋ ರಿಪೇರಿ ಮಾಡೋ ಚಾಚಾ. ಟಿವಿ ರಿಪೇರಿಗೆ ಈಗ ಯಾರೂ ಬರಲ್ಲ, ಮಿಕ್ಸರ್ ಮೋಟರ್ ಸುತ್ತುತ್ತಾ ಕೂತಿರ್ತಾರೆ. ವಿಷಯ ಹೇಳಿದ್ದಕ್ಕೆ ಒಂದು ಹಳೇ ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದರು. ತಂತಿಯಲ್ಲಿ ಯಾವಾಗಲೂ ಇರೋ ಡಿಸಿಯನ್ನ ಒಂದು ಕೆಪಾಸಿಟರ್ ತಡೆಯುತ್ತೆ, ಬೆಲ್ಲಿನ ಎಸಿ ಮಾತ್ರ ದಾಟುತ್ತೆ. ದಾಟಿದ್ದು ಆಪ್ಟೋಕಪ್ಲರ್ ಅನ್ನೋ ಆರು ಕಾಲಿನ ಚಿಪ್ಪಿನೊಳಗೆ ಒಂದು ಸಣ್ಣ ದೀಪ ಹೊತ್ತಿಸುತ್ತೆ, ಆ ಬೆಳಕಿಗೆ ಆಚೆ ಬದಿ ಎಚ್ಚರವಾಗಿ ರಿಲೇ ಅನ್ನೋ ಕರೆಂಟಿನಿಂದ ನಡೆಯೋ ಸ್ವಿಚ್ಚನ್ನ ಎಳೆಯುತ್ತೆ, ರಿಲೇ 230 ವೋಲ್ಟಿನ ಹೂಟರನ್ನೂ ಕೆಂಪು ದೀಪವನ್ನೂ ಹಾಕುತ್ತೆ. ಫೋನ್ ತಂತಿಗೂ ಮೇನ್ಸಿಗೂ ನಡುವೆ ಬೆಳಕು ಬಿಟ್ಟರೆ ಬೇರೆ ಸಂಬಂಧ ಇಲ್ಲ. "ಅಮ್ಮಾ, ಇದು ಇಲ್ದೆ ಯಾರಾದ್ರೂ ಡೈರೆಕ್ಟ್ ಜೋಡಿಸಿ ಕೊಡ್ತೀನಿ ಅಂದ್ರೆ ಕೈ ಮುಗಿದು ಕಳಿಸಿಬಿಡ್ರಿ" ಅಂದರು. ಡಬ್ಬಿಗೆ 600, ಹೂಟರ್ ಮತ್ತು ದೀಪಕ್ಕೆ 450 ತಗೊಂಡರು. ಇಡೀ ಖರ್ಚಿನಲ್ಲಿ ಬೆಲೆಗೆ ತಕ್ಕ ಕೆಲಸ ಮಾಡಿದ್ದು ಅಂದರೆ ಇದೇ. ಒಂದೇ ಕೊರತೆ, ಹೂಟರಿಗೂ ದೀಪಕ್ಕೂ ಮನೆ ಕರೆಂಟು ಬೇಕು. ಅದನ್ನೂ ಇನ್ವರ್ಟರ್ ಲೈನಿಗೇ ಕೊಟ್ಟಿದೀವಿ.

ಹೂಟರ್ ಹಾಕಿದ ವಾರದಲ್ಲೇ ದಂಗೆ ಎದ್ದಿತು. ರಾತ್ರಿ ಎಂಟರ ಮೇಲೆ ಆಡೋಕೆ ಬರೋರು ವ್ಯಾಪಾರಸ್ತರು, ಒಬ್ಬಿಬ್ಬರು ಡಾಕ್ಟರು. ಸೋತ ಜೋಡಿ ಎಲ್ಲರಿಗೂ ಒಗ್ಗರಣೆ ಮಿರ್ಚಿ ಕೊಡಿಸಬೇಕು ಅಂತ ಪಂದ್ಯ. 19–19 ಆಗಿದ್ದಾಗ ಯಾರದೋ ಕಾರು ಅಡ್ಡ ನಿಂತಿದೆ ಅಂತ ಹೇಳೋಕೆ ನಾನು 22 ಒತ್ತಿದೆ. ತಗಡಿನ ಶೆಡ್ಡಿನಲ್ಲಿ ಆ ಹೂಟರ್ ಫ್ಯಾಕ್ಟರಿ ಶಿಫ್ಟ್ ಬಿಟ್ಟ ಹಾಗೆ ಕೂಗಿ, ಸರ್ವ್ ಮಾಡ್ತಿದ್ದವರ ಕೈಯಿಂದ ರಾಕೆಟ್ಟೇ ಜಾರಿತಂತೆ. ಪಾಯಿಂಟ್ ಯಾರಿಗೆ ಅನ್ನೋ ಜಗಳ ನನ್ನ ಟೇಬಲ್ಲಿನವರೆಗೂ ಬಂತು. "ಅಕ್ಕಾ, ನೀವೇ ತೀರ್ಮಾನ ಮಾಡ್ರಿ" ಅಂದರು. ಮರು ಸರ್ವ್ ಮಾಡ್ರಿ ಅಂದೆ, ಸೋತವರು ಇವತ್ತಿಗೂ ಒಪ್ಪಿಲ್ಲ.

ಈಗ ಹೂಟರಿಗೆ ಬೇರೆ ಸ್ವಿಚ್ ಇದೆ. ಹಗಲು ಮಕ್ಕಳ ಬ್ಯಾಚಿಗೆ ಹಾಕಿರ್ತೀವಿ, ರಾತ್ರಿ ದೀಪ ಮಾತ್ರ. ದೀಪದ ಜಾಗದ ಬಗ್ಗೆಯೂ ಕೋಚ್ ಹಠ ಹಿಡಿದರು, ಸರಿಯಾಗೇ ಹಿಡಿದರು. ಅಂಕಣದ ಉದ್ದ 13.40 ಮೀಟರ್, ಆಡುವವರ ಕಣ್ಣು ಯಾವಾಗಲೂ ಆ ಉದ್ದಕ್ಕೇ ಎದುರು ಗೋಡೆ ಕಡೆ ಇರುತ್ತೆ. ಅಲ್ಲಿ ಕೆಂಪು ದೀಪ ಮಿನುಗಿದರೆ ಶಟಲ್ ಕಾಣಲ್ಲ. ಹಾಗಾಗಿ ಪಕ್ಕದ ಗೋಡೆಗೆ, ನೆಟ್ಟಿನ ಕಂಬದ ನೇರಕ್ಕೆ, ಕೂರೋ ಬೆಂಚಿನ ಮೇಲೆ ಹಾಕಿದೀವಿ. ಆಡೋರಿಗೆ ತೊಂದರೆ ಇಲ್ಲ, ಬೆಂಚಿನಲ್ಲಿ ಕೂತವರು ನೋಡಿ ಎತ್ತುತ್ತಾರೆ. ಫೋನೂ ಅಲ್ಲೇ, ಎಂಟು ವರ್ಷದ ಹುಡುಗನ ಕೈಗೆ ಎಟಕೋ ಎತ್ತರಕ್ಕೆ.

ಎತ್ತರ ಯಾಕೆ ಅಂದರೆ ಹಾಟ್‌ಲೈನ್. ಈ ಡಬ್ಬಿಯಲ್ಲಿ ಒಂದು ಸೆಟ್ಟಿಂಗ್ ಇದೆ, 22 ಅಥವಾ 23 ಎತ್ತಿ ಏನೂ ಒತ್ತದೆ ಹಿಡಿದಿದ್ದರೆ ಕೆಲವು ಸೆಕೆಂಡಿನಲ್ಲಿ ತಾನೇ 21ಕ್ಕೆ ಹೋಗುತ್ತೆ. ಕಾಲು ಉಳುಕಲಿ, ತಲೆ ಸುತ್ತಲಿ, ಮಕ್ಕಳು ನಂಬರ್ ನೆನಪಿಡೋದು ಬೇಡ, ಎತ್ತಿದ್ರೆ ಸಾಕು. ಕೊಳ್ಳುವಾಗ ಈ ಸೌಲಭ್ಯ ಇದೆಯಾ ಅಂತ ಕೇಳಿಯೇ ಕೊಳ್ಳಿ, ಎಲ್ಲ ಡಬ್ಬಿಯಲ್ಲೂ ಇರಲ್ಲ. ಸೆಟ್ಟಿಂಗ್ ಪುಸ್ತಕ ಮಾತ್ರ ದೇವರಿಗೇ ಪ್ರೀತಿ. ಇರುವೆ ಸಾಲಿನಂಥ ಅಕ್ಷರ, ಸ್ಟಾರು ಹ್ಯಾಷುಗಳ ಸರಮಾಲೆ. ಅಂಗಡಿಯವರು ವಾಟ್ಸ್ಯಾಪಿನಲ್ಲಿ ಕೋಡ್ ಕಳಿಸಿದ ಮೇಲೆ ಆಯ್ತು.

ಗೇಟಿನ ಫೋನು ಹಳೇ ಮೀಟರ್ ಬೋರ್ಡಿನ ತಗಡು ಡಬ್ಬಿಯೊಳಗಿದೆ, ಮುಚ್ಚಳದ ಮೇಲೆ "ಎತ್ತಿ, ಕಾಯಿರಿ" ಅಂತ ಪೇಂಟಲ್ಲಿ ಬರೆಸಿದೀವಿ. ನಮ್ಮ ವಯಸ್ಸಿನವರು ಎತ್ತುವಾಗ ಒಂದು ರೂಪಾಯಿ ಎಲ್ಲಿ ಹಾಕೋದು ಅಂತ ಕೇಳ್ತಾರೆ. ಮ್ಯಾಗ್ನೆಟ್ ಬೀಗ ಹಾಕಿ ಕೂತಲ್ಲಿಂದಲೇ ಗೇಟು ತೆಗೆಯೋ ವ್ಯವಸ್ಥೆಯನ್ನೂ ಅಂಗಡಿಯವರು ಹೇಳಿದ್ದರು. ಆ ಬೀಗ ಕರೆಂಟ್ ಇರೋವರೆಗೆ ಮಾತ್ರ ಹಿಡಿದಿರುತ್ತೆ, ಕರೆಂಟ್ ಹೋದರೆ ಗೇಟು ಬಿಟ್ಟುಕೊಳ್ಳುತ್ತೆ. ಬೆಂಕಿ ಗಿಂಕಿ ಆದಾಗ ಜನ ಒಳಗೆ ಸಿಕ್ಕಿಕೊಳ್ಳಬಾರದು ಅಂತ ಹಾಗೆ ಮಾಡಿರೋದು, ಸರಿಯೇ. ಆದರೆ ಅದಕ್ಕೆ ಬೇರೆ ಬ್ಯಾಟರಿ ಬೇಕು, ಖರ್ಚು ಹೆಚ್ಚು. ಗೇಟಿಗೆ ನಾನೇ ಎದ್ದು ಹೋಗ್ತೀನಿ, ನಾಲ್ಕು ಹೆಜ್ಜೆ.

ಕಿರಿಕಿರಿ ಇಲ್ಲ ಅಂತಲ್ಲ. ಕೋರ್ಟಿನ ಫೋನನ್ನ ಅರ್ಧಂಬರ್ಧ ಇಟ್ಟು ಹೋಗೋ ಚಾಳಿ ಹುಡುಗರಿಗೆ. ಆಮೇಲೆ ನಾನು ಎಷ್ಟು ಒತ್ತಿದರೂ ಎಂಗೇಜ್, ಮತ್ತೆ ಅಂಗಳ ದಾಟು. ಗೋಡೆಗೆ ನೇತುಹಾಕೋ ಮಾಡೆಲ್ ತಗೊಂಡು ಸುರುಳಿ ವೈರ್ ಗಿಡ್ಡ ಮಾಡಿದ ಮೇಲೆ ಅರ್ಧ ಕಡಿಮೆಯಾಗಿದೆ. ಧೂಳು ಇನ್ನೊಂದು. ಬಾಗಿಲು ಎಷ್ಟು ಬಿಗಿ ಹಾಕಿದರೂ ನಮ್ಮೂರ ಕೆಂಪು ಧೂಳು ಒಳಗೆ ಬರುತ್ತೆ. ಹುಕ್ಕಿನ ಸಂದಿಯಲ್ಲಿ ಕೂತು ಗುಂಡಿ ಮೇಲೇಳದ ಹಾಗೆ ಮಾಡುತ್ತೆ, ಮೌತ್‌ಪೀಸಿನ ತೂತು ಮುಚ್ಚುತ್ತೆ. ಹಳೇ ಟೂತ್‌ಬ್ರಷ್ಷು ಒಂದನ್ನ ಅಲ್ಲೇ ದಾರಕ್ಕೆ ಕಟ್ಟಿದೀನಿ. ಗೇಟಿನ ಫೋನ್ ಎತ್ತಿ "ಹಲೋ ಪೊಲೀಸ್ ಸ್ಟೇಷನ್ನಾ" ಅಂತ ಕೇಳಿ ಓಡೋ ಮಕ್ಕಳಿಗೆ ಮಾತ್ರ ಮದ್ದಿಲ್ಲ.

ಅಂಗಳದ ಮೇಲೆ ಹಾದುಹೋಗೋ ತಂತಿಗೆ ಸಿಡಿಲಿನ ಭಯ ಇದೆ. ಏಪ್ರಿಲ್ ಮೇ ಸಂಜೆಯ ಗುಡುಗು ಮಳೆ ಗೊತ್ತಲ್ಲ. ಮಾವ ಎರಡೂ ತುದಿಗೆ ಸಿಡಿಲಿನ ಹೊಡೆತವನ್ನ ನೆಲಕ್ಕೆ ಇಳಿಸೋ ಗ್ಯಾಸ್ ಟ್ಯೂಬಿನ ಅರೆಸ್ಟರ್ ಹಾಕಿ ಅರ್ತಿಂಗ್ ಕೊಟ್ಟಿದ್ದಾರೆ, ಅವರ ಹಳೇ ಸಾಮಾನಿನ ಪೆಟ್ಟಿಗೆಯದೇ, ಹಾಗಾಗಿ ಬಿಲ್ಲಿನಲ್ಲಿಲ್ಲ. ಹತ್ತಿರ ಗುಡುಗು ಕೇಳಿದ್ರೆ ಡಬ್ಬಿಯ ಪ್ಲಗ್ಗು ಮತ್ತು ಅಂಗಳದ ಜ್ಯಾಕು ಎರಡೂ ಕೀಳ್ತೀನಿ.

ಲೆಕ್ಕ ಕೇಳೋರಿಗೆ: ಡಬ್ಬಿ 4,800, ಫೋನು 1,950, ಕೇಬಲ್ ಸುರುಳಿ 1,250, ಪೈಪು ರೋಸೆಟ್ಟು ಕ್ಲಿಪ್ಪು 700, ಚಾಚಾನ ಡಬ್ಬಿ ಹೂಟರ್ ದೀಪ 1,050, ಹುಡುಗನ ಕೂಲಿ 1,000. ಒಟ್ಟು 10,750. ಮಾವನಿಗೆ ಊಟ ಹಾಕಿದ್ದು ಬೇರೆ. ಮನೆಯಲ್ಲಿ ಲೈನ್‌ಮನ್ ಮಾವ ಇಲ್ಲದವರಿಗೆ ಇನ್ನೆರಡು ಸಾವಿರ ಹೆಚ್ಚಾಗಬಹುದು. ಗೇಟು ಬೇಡ, ಬರೀ ಒಳಗೆ ಹೊರಗೆ ಎರಡೇ ಕಡೆ ಸಾಕು ಅನ್ನೋರಿಗೆ ಇಷ್ಟು ದೊಡ್ಡ ಡಬ್ಬಿಯೂ ಬೇಡ, ಎರಡು ಫೋನಿನ ಸಣ್ಣ ಇಂಟರ್‌ಕಾಮ್ ಸೆಟ್ಟೇ ನಡೆಯುತ್ತೆ. ಆದರೆ ಬೆಲ್ಲಿನ ಡಬ್ಬಿ ಬಿಡಬೇಡಿ. ಬಲೆ ಕಟ್ಟಿದ ಬಯಲು ಟರ್ಫಿನವರಿಗೆ ಇಷ್ಟೆಲ್ಲ ಬೇಕಿಲ್ಲ, ಅಲ್ಲಿ ಕೂಗಿದರೆ ಕೇಳುತ್ತೆ, ಮೊಬೈಲೂ ಹಿಡಿಯುತ್ತೆ. ಮುಖ ನೋಡಿಯೇ ಗೇಟು ತೆಗೀಬೇಕು ಅನ್ನೋರು ಕ್ಯಾಮೆರಾ ಡೋರ್‌ಫೋನಿನ ಕಡೆ ಹೋಗಿ, ಇದು ನಿಮಗಲ್ಲ.

ಡಬ್ಬಿಯಲ್ಲಿ ಇನ್ನೂ ಐದು ಎಕ್ಸ್‌ಟೆನ್ಷನ್ ಖಾಲಿ ಇವೆ. ಎರಡನೇ ಕೋರ್ಟಿಗೆ ಶೀಟು ಹಾಕಿಸಿದಾಗ ಒಂದು ಅಲ್ಲಿಗೆ. ಅಡುಗೆಮನೆಗೂ ಒಂದು ಎಳೆಸಿಬಿಡೋಣ, ಟೀ ಬೇಕಾದಾಗ ಅನುಕೂಲ ಅಂತ ಯಜಮಾನರು ಅಂದಿದ್ದಾರೆ. ಅದಕ್ಕೆ ಮಾತ್ರ ತಂತಿ ಇಲ್ಲ ಅಂತ ಹೇಳಿದೀನಿ.